ಗಡಿಗೆಯಲ್ಲಿಟ್ಟ ಹೆಸರು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ಗಾದೆ ಇದೆಯಲ್ಲ, ಅದು ಹುಟ್ಟಿದ್ದು ಈ ಊರಲ್ಲೇ ಇರಬೇಕು. ಊರಿನ ಹೆಸರು ಕೇಳಬೇಡಿ. ಹಿಂದೊಮ್ಮೆ ಊರವರೆಲ್ಲ ಒಟ್ಟಾಗಿ ಆಚೆ ದಂಡೆಯಿಂದ ಒಂದು ದೊಡ್ಡ ಗಂಟೆ ತರಿಸಿದರಂತೆ, ಅದರ ಸುಂಕಕ್ಕೆ ಊರಿನ ಹೆಸರನ್ನೇ ಕೊಟ್ಟುಬಿಟ್ಟರಂತೆ. ಗಂಟೆ ಈಗಲೂ ಇದೆ. ಯಾವ ಊರಿನದು ಅಂತ ಹೇಳುವವರಿಲ್ಲ.

ಊರಿನ ಮಗ್ಗುಲಿಗೆ ಹೊಳೆ. ಹೊಳೆಯ ಮೇಲೆ ಮೂರು ಹೊತ್ತೂ ಮಂಜು. ಊರವರಲ್ಲಿ ಆಚೆ ದಂಡೆಯನ್ನು ಕಂಡವರು ಒಬ್ಬರೂ ಇಲ್ಲ, ಆದರೆ ಅಲ್ಲಿ ಎಲ್ಲವೂ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಈಚೆ ದಂಡೆಯಲ್ಲಿ ಒಂದು ಕೂಗುಗಲ್ಲು, ಕಲ್ಲಿನ ಮೇಲೆ ಕೂಗುವವನು. ಬೆಳಗಾದರೆ ಸಾಕು, ಶುರು ಹಚ್ಚುತ್ತಿದ್ದ: "ಬನ್ರಪ್ಪೋ ಬನ್ನಿ! ಕಾಲು ಸವೆಸೋದು ಬೇಡ, ಕೈ ಚಾಚೋದು ಬೇಡ. ಏನು ಬೇಕು ಅಂತ ಬಾಯಿ ಬಿಟ್ಟು ಹೇಳಿ, ಮನೆ ಬಾಗಿಲಿಗೇ ಬಂದು ಬೀಳುತ್ತೆ!"

ಜನ ಹೇಳುತ್ತಿದ್ದರು. ಕೊಡೆ ಬೇಕು ಅನ್ನುವವರು, ಗೊಂಬೆ ಬೇಕು ಅನ್ನುವವರು, ಏನು ಬೇಕೋ ಗೊತ್ತಿಲ್ಲ ಏನಾದರೊಂದು ಬೇಕು ಅನ್ನುವವರು. ಕೂಗುವವನು ಎರಡೂ ಕೈ ಬಾಯಿಗೆ ಹಿಡಿದು ಮಂಜಿನೊಳಕ್ಕೆ ಕೂಗುತ್ತಿದ್ದ. ಕೆಲವು ದಿನ ಕಳೆದ ಮೇಲೆ ಹೊರೆಯವನು ದೋಣಿಯಲ್ಲಿ ಸರಕು ಹೊತ್ತು ತರುತ್ತಿದ್ದ. ಬರುತ್ತಿದ್ದದ್ದು ಮನೆ ಬಾಗಿಲಿಗಲ್ಲ, ಊರ ಬಾಗಿಲಿಗೆ. ಅಲ್ಲಿ ಸುಂಕದ ಕಟ್ಟೆ. ಕಟ್ಟೆಗೆ ಅಡ್ಡಲಾಗಿ ಒಂದು ಮರದ ಅಡ್ಡಗೋಲು. ಸುಂಕದ ಮಾತನ್ನು ಮಾತ್ರ ಕೂಗುವವನು ಅಪ್ಪಿತಪ್ಪಿಯೂ ಆಡುತ್ತಿರಲಿಲ್ಲ. ಮರೆತಿದ್ದನೆಂದು ಕೆಲವರು ಅವನ ಪರ ವಹಿಸಿ ಹೇಳುತ್ತಾರೆ. ಎಲ್ಲಿ ಮರೆವು, ಬೇಕೆಂದೇ ಹೇಳುತ್ತಿರಲಿಲ್ಲ, ಕಳ್ಳ.

ಆ ಊರಿನ ಸುಂಕ ದುಡ್ಡಲ್ಲ. ಮಾತು. ಒಂದು ಸರಕಿಗೆ ಒಂದು ಮಾತು. ಸುಂಕದವನ ಬೆನ್ನ ಹಿಂದೆ ಮಣ್ಣಿನ ಗಡಿಗೆಗಳ ಸಾಲು. ಗಡಿಗೆಯ ಬಾಯಿಗೆ ಬಾಯಿ ಇಟ್ಟು ಮಾತನ್ನು ಒಳಗೆ ಹೇಳಬೇಕು. ಹೇಳಿದ ಕೂಡಲೇ ಅವನು ಬಟ್ಟೆ ಬಿಗಿದು ಕಟ್ಟುತ್ತಿದ್ದ. ಮಾತು, ಕೊಟ್ಟವರ ದನಿಯ ಸಮೇತ, ಅದರೊಳಗೆ ಉಳಿಯುತ್ತಿತ್ತು. ಅಲ್ಲಿಂದ ಮುಂದೆ ಆ ಮಾತನ್ನು ಅವರು ಕೇಳಬಹುದಿತ್ತು, ಆಡುವಂತಿರಲಿಲ್ಲ. ನಡು ಮಧ್ಯಾಹ್ನ ಕಟ್ಟೆಯ ಹತ್ತಿರ ಹೋದರೆ ಗಡಿಗೆಗಳು ಜೇನುಹುಟ್ಟಿನ ಹಾಗೆ ಗುಂಯ್‌ಗುಡುತ್ತಿದ್ದವು.

ಸುಂಕದವನಿಗೆ ಸ್ವಂತದ ಮಾತು ಬಹಳ ಇರಲಿಲ್ಲ. ಸರಕು ಬಂದಾಗ ಅವನು ಹೇಳುತ್ತಿದ್ದದ್ದು ಇಷ್ಟೇ: "ಹೆಸರು ಹೇಳು. ಮಾತು ಕೊಡು. ಕೊಂಡು ಹೋಗು."

ಮೊದಲು ತರಿಸಿದವರು ಬಂದ ಸರಕನ್ನು ಅದರ ಹೆಸರು ಹಿಡಿದು ಕರೆಯಬೇಕು. ಆಚೆ ದಂಡೆಯಿಂದ ಬಂದದ್ದೆಲ್ಲ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿತ್ತು. ಸುತ್ತಿದ ಸರಕಿಗೆ ಲೋಕದ ಸದ್ದು ಯಾವುದೂ ಕೇಳಿಸುವುದಿಲ್ಲ, ತನ್ನ ಹೆಸರೊಂದು ಕೇಳಿಸುತ್ತದೆ. ತರಿಸಿದವರು ಕರೆದರೆ ಮನೆಗೆ, ಸುಂಕದವನು ಕರೆದರೆ ದೋಣಿಗೆ. ಅಮಾವಾಸ್ಯೆಯ ಸಂಜೆ ದೀಪ ಹಚ್ಚುವ ಹೊತ್ತಿಗೂ ಬಿಡಿಸಿಕೊಳ್ಳುವವರು ಬರಲಿಲ್ಲವೋ, ಸುಂಕದವನು ಸರಕನ್ನು ಹೆಸರು ಹಿಡಿದು ಕರೆದು ಹೊಳೆಯ ಕಡೆ ಅಟ್ಟುತ್ತಿದ್ದ. ಹಾಗೆ ಕರೆಯಲು ಬೇಕಾದ ಮಾತನ್ನು ಯಾವುದಾದರೂ ಗಡಿಗೆಯಿಂದ ಬಿಚ್ಚುತ್ತಿದ್ದ. ಒಂದು ಸಲ ಯಾರೋ ತರಿಸಿ, ಸುಂಕ ಕೇಳಿ ಹೆದರಿ, ನಮ್ಮದಲ್ಲವೆಂದು ಕೈಚೆಲ್ಲಿದ ತೊಟ್ಟಿಲೊಂದು ಹಾಗೆ ವಾಪಸ್ಸಾಯಿತು. "ತೊಟ್ಟಿಲೇ" ಎಂದು ಗಡಿಗೆಯೊಳಗಿಂದ ಯಾವಳೋ ಬಂಜೆಯ ದನಿ ಕರೆಯಿತು. ತೊಟ್ಟಿಲು ತನ್ನಷ್ಟಕ್ಕೆ ತೂಗಿಕೊಳ್ಳುತ್ತ ದೋಣಿ ಹತ್ತಿತು. ನೋಡಿದವರು ಆ ದಿನ ಮನೆಗೆ ಹೋಗಿ ಉಣ್ಣಲಿಲ್ಲ.

ಈ ಊರಲ್ಲಿ ಒಬ್ಬ ಕಲಾಯಿಯವನಿದ್ದ. ಮಂಕಾದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ತವರ ಬಳಿದು, ಹತ್ತಿಯಲ್ಲಿ ಒಮ್ಮೆ ಉಜ್ಜಿದನೆಂದರೆ ಪಾತ್ರೆಯ ತಳದಲ್ಲಿ ಹುಣ್ಣಿಮೆ ಬಂದು ಕೂತ ಹಾಗೆ. ಅವನ ಹೆಂಡತಿಯ ಕಥೆ ಇದು. ಅವಳನ್ನು ಊರು ಕಲಾಯಿಯವನ ಹೆಂಡತಿ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ.

ಅವಳು ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಹುಡುಗಿಯರು ಸೀರೆ ಅಡ್ಡ ಹಿಡಿದರು. "ಗಂಡನ ಹೆಸರು ಹೇಳಿದರೆ ಒಳಗೆ, ಇಲ್ಲದಿದ್ದರೆ ಬೀದಿಗೆ!" ಎಲ್ಲ ಮದುವೆಯಲ್ಲೂ ಇರುವ ಚೇಷ್ಟೆಯೇ. ಹೆಸರನ್ನು ಹಾಗೇ ಬರಿದಾಗಿ ಹೇಳಬಾರದು, ಒಡಪು ಕಟ್ಟಿ, ಅದರ ಮಡಿಲಲ್ಲಿಟ್ಟು ಹೇಳಬೇಕು. ಅವಳು ತಲೆ ತಗ್ಗಿಸಿಕೊಂಡು, ನಾಚಿ ನೀರಾಗಿ, ಹೇಳಿದಳು:

ಹಿತ್ತಾಳೆ ಕೊಡಕ್ಕೆ ಕಲಾಯಿ ಚೆಂದ,
ಹೊಸ್ತಿಲ ಮುಂದೆ ರಂಗೋಲಿ ಚೆಂದ,
ಕರೆದರೆ ಓಗೊಡುವ...

ಎಂದು, ಮುಂದೆ ಅವನ ಹೆಸರು ಹೇಳಿ, "ಇದ್ದರೇ ಮನೆ ಚೆಂದ" ಎಂದು ಮುಗಿಸಿದಳು. ಹುಡುಗಿಯರು ಹೋ ಎಂದರು. ಸೀರೆ ಬಿಟ್ಟರು. ಕಲಾಯಿಯವನ ಕಿವಿ ಕೆಂಪಾದದ್ದನ್ನು ಊರೆಲ್ಲ ನೋಡಿತು.

ಅವನೆದುರು ಹೇಳಿದ್ದು ಅದೇ ಮೊದಲು, ಅದೇ ಕಡೆ. ಆಮೇಲೆ ಯಾವ ಹೆಂಗಸು ತಾನೇ ಗಂಡನ ಹೆಸರು ಹೇಳುತ್ತಾಳೆ? ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಆ ಊರಲ್ಲೂ ನಂಬಿದ್ದರು. "ರೀ" ಎಂದರೆ ಅವನೇ. "ಇವರು" ಎಂದರೆ ಅವನೇ. "ನಮ್ಮ ಮನೆಯವರು" ಎಂದರೂ ಅವನೇ. ಮಕ್ಕಳಿದ್ದಿದ್ದರೆ ಇಂಥವನ ಅಪ್ಪ ಎನ್ನಬಹುದಿತ್ತು, ಅದನ್ನು ದೇವರು ಕೊಡಲಿಲ್ಲ.

ಅವಳಿಗೆ ಒಂದು ಆಸೆ ಹುಟ್ಟಿತು. ಕನ್ನಡಿ. ಆಚೆ ದಂಡೆಯ ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ನಿನ್ನೆಗಿಂತ ನಗುನಗುತ್ತ ಕಾಣುತ್ತದೆ ಎಂದು ಕೂಗುವವನು ಬಣ್ಣ ಕಟ್ಟಿ ಹೇಳಿದ್ದ. ಅವಳು ಕೂಗುಗಲ್ಲಿಗೆ ಹೋಗಿ ಬಾಯಿ ಬಿಟ್ಟಳು. ಕನ್ನಡಿ ಬಂತು. ಅಡ್ಡಗೋಲಿನ ಆಚೆ ನಿಂತಿತು. ಸುಂಕದವನು ಗಡಿಗೆ ಮುಂದೆ ಮಾಡಿದ.

"ಇದೇನಿದು? ಸುಂಕ ಅಂತ ಯಾರೂ ಹೇಳಲೇ ಇಲ್ಲವಲ್ಲ!" ಎಂದು ಅವಳು ಕೂಗುವವನ ಹತ್ತಿರ ಓಡಿದಳು.

ಕೂಗುವವನು ಆಕಾಶ ನೋಡಿದ. "ಕೂಗಿದ್ದು ನಾನು, ತರಿಸಿದ್ದು ನೀನು."

ಹೊರೆಯವನನ್ನು ಕೇಳಿದಳು. ಅವನು ಹೆಗಲ ಮೇಲಿನ ಸಿಂಬಿ ಕೊಡವಿಕೊಂಡ. "ಹೊತ್ತದ್ದು ನಾನು, ತರಿಸಿದ್ದು ನೀನು."

ಸುಂಕದವನನ್ನು ಕೇಳಿದಳು. ಬಡವಳೆಂದಳು, ಹೊಸಬಳೆಂದಳು, ಗೊತ್ತಿರಲಿಲ್ಲವೆಂದಳು. ಅವನು ಎಲ್ಲ ಕೇಳಿಸಿಕೊಂಡ. ಕೇಳಿಸಿಕೊಂಡು ಹೇಳಿದ: "ತಡೆದದ್ದು ನಾನು, ತರಿಸಿದ್ದು ನೀನು."

ಎಲ್ಲರ ಕೈಯೂ ತೊಳೆದಿಟ್ಟ ಹಾಗೆ ಚೊಕ್ಕಟ. ಅವಳ ಕೈ ಮಾತ್ರ ಬರಿದು. ಅಳುತ್ತ ಕಟ್ಟೆಯ ಕೆಳಗೆ ಕೂತಿದ್ದಾಗ ಪಕ್ಕದ ಮನೆಯ ಗಾಣದಜ್ಜಿ ಬಂದಳು. ಎಣ್ಣೆ ಗಾಣದ ಮುದುಕಿ ಅವಳು, ಊರಿನ ಹೆಂಗಸರಿಗೆಲ್ಲ ಬುದ್ಧಿ ಹೇಳುವುದು ಅವಳ ಇನ್ನೊಂದು ಕಸುಬು.

"ಅಯ್ಯೋ ಹುಚ್ಚಿ, ಇಷ್ಟಕ್ಕೆ ಅಳ್ತಾರೇನೆ? ಗಂಡನ ಹೆಸರು ಕೊಟ್ಟುಬಿಡು."

"ಅಜ್ಜೀ!"

"ಯಾಕೆ ಬಾಯಿ ಬಿಡ್ತೀಯ? ಹೇಗೂ ಹೇಳಬಾರದ ಹೆಸರು ಅದು. ಇದ್ದರೇನು, ಹೋದರೇನು? ಉಪ್ಪು ಅನ್ನೋ ಮಾತು ಕೊಟ್ಟರೆ ನಾಳೆ ಅಂಗಡೀಲಿ ಪರದಾಡ್ತೀಯ. ನೀರು ಅನ್ನೋದು ಕೊಟ್ಟರೆ ಸಾಯೋವಾಗ ಏನಂತ ಕೇಳ್ತೀಯ? ನಾವೆಲ್ಲ ಕೊಟ್ಟಿದ್ದು ಅದನ್ನೇ ಕಣೇ. ನಾನು ಒಂದು ಸೀಸೆ ಅತ್ತರಿಗೆ ಕೊಟ್ಟೆ. ಅಜ್ಜ ಸಾಯೋವರೆಗೂ ಅವರಿಗೆ ಗೊತ್ತಾಗಲಿಲ್ಲ."

ಹೌದಲ್ಲ ಎನ್ನಿಸಿತು ಅವಳಿಗೆ. ನಿಮಗೂ ಎನ್ನಿಸುತ್ತಿತ್ತು ಬಿಡಿ. ಪೆಟ್ಟಿಗೆಯ ತಳದಲ್ಲಿಟ್ಟು ಮರೆತ ಸೀರೆಯನ್ನು ಕಳ್ಳನಿಗೆ ಕೊಟ್ಟು ಉಟ್ಟ ಸೀರೆ ಉಳಿಸಿಕೊಂಡ ಹಾಗೆ. ಆ ಊರಿನ ಹೆಂಗಸರು ಅದನ್ನು ತಮ್ಮ ಜಾಣತನವೆಂದೇ ತಿಳಿದಿದ್ದರು, ಸುಂಕದವನನ್ನು ಪೆದ್ದನೆಂದು ಬೆನ್ನ ಹಿಂದೆ ನಗುತ್ತಿದ್ದರು.

ಅವಳು ಅಡ್ಡಗೋಲಿನ ಮುಂದೆ ನಿಂತು "ಕನ್ನಡೀ" ಎಂದಳು. ಬಟ್ಟೆಯೊಳಗೆ ಕನ್ನಡಿ ಮಿಸುಕಿತು. ಗಡಿಗೆಯ ಬಾಯಿಗೆ ಬಾಯಿ ಇಟ್ಟು, ಮದುವೆಯ ದಿನದ ಹಾಗೆ ನಾಚಿ, ಮೆಲ್ಲಗೆ, ಅವನನ್ನು ಕರೆದ ಹಾಗೇ ಹೆಸರು ಹೇಳಿದಳು. ಬೇರೆ ಮಾತಿಗೆ ಸುಂಕದವನು ಬಟ್ಟೆಯನ್ನು ಒಂದು ಸುತ್ತು ಸುತ್ತುತ್ತಿದ್ದ. ಇದಕ್ಕೆ ಎರಡು ಸುತ್ತು ಸುತ್ತಿ ಗಂಟು ಬಿಗಿದ. ಅವಳು ಅದನ್ನು ನೋಡಲಿಲ್ಲ, ಕನ್ನಡಿ ನೋಡುತ್ತಿದ್ದಳು.

ದಿನಗಳು ಉರುಳಿದವು. "ರೀ, ಊಟಕ್ಕೆ ಬನ್ನಿ." "ರೀ, ಕೆಂಡ ಆರ್ತಾ ಇದೆ ನೋಡಿ." ಯಾವ ಕೊರತೆಯೂ ಕಾಣಲಿಲ್ಲ. ಕನ್ನಡಿಯಲ್ಲಿ ಮುಖ ನಗುತ್ತಿತ್ತು.

ಆಮೇಲೆ ಓಣಿಯಲ್ಲೊಂದು ಮದುವೆಯಾಯಿತು. ಹೊಸ ಸೊಸೆಯ ಹೊಸ್ತಿಲಿಗೆ ಹುಡುಗಿಯರು ಸೀರೆ ಅಡ್ಡ ಹಿಡಿದರು. ಅವಳು ಹೇಳಿ ಒಳಗೆ ಹೋದ ಮೇಲೆ ಹುಡುಗಿಯರಿಗೆ ಹುರುಪು ಹೆಚ್ಚಿ, ಮುತ್ತೈದೆಯರೆಲ್ಲ ಹೇಳಬೇಕೆಂದು ಹಟ ಹಿಡಿದರು. ಹಳಬರು ಏನೇನೋ ನೆಪ ಹೇಳಿ ಅಡುಗೆಮನೆಗೆ ಜಾರಿಕೊಂಡರು. ಕಲಾಯಿಯವನ ಹೆಂಡತಿ ಸಿಕ್ಕಿಬಿದ್ದಳು. ಕಲಾಯಿಯವನೂ ಚಪ್ಪರದ ಕೆಳಗೆ ಕೂತಿದ್ದ. ತಲೆ ಎತ್ತಿದ. ಅವನ ಕಿವಿ ಆಗಲೇ ಕೆಂಪಾಗತೊಡಗಿತ್ತು.

ಅವಳು ಒಡಪು ಎತ್ತಿದಳು. ಹಿತ್ತಾಳೆ ಕೊಡ ಬಂತು, ರಂಗೋಲಿ ಬಂತು, ಕರೆದರೆ ಓಗೊಡುವ ಎನ್ನುವವರೆಗೂ ಬಂತು. ಅಲ್ಲಿ ನಿಂತಿತು. ತುಟಿ ಕೂಡಿದವು, ಬಿಚ್ಚಿದವು, ಮತ್ತೆ ಕೂಡಿದವು. ದನಿ ಇಲ್ಲ. ಹುಡುಗಿಯರು ನಾಚಿಕೆಯೆಂದುಕೊಂಡು ಕೇಕೆ ಹಾಕಿದರು. ಕಲಾಯಿಯವನು ನಾಚಿಕೆಯೆಂದುಕೊಳ್ಳಲಿಲ್ಲ. ಹೆಂಡತಿಯ ನಾಚಿಕೆ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ಕೇಳಿದ. "ಯಾವುದಕ್ಕೆ ಕೊಟ್ಟೆ?"

ಅವಳು ಗೂಡಿನಲ್ಲಿದ್ದ ಕನ್ನಡಿ ತೋರಿಸಿದಳು.

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಿ ನೋಡಿದ, ತಾನೇ ಕಲಾಯಿ ಹಾಕಿ ಮೂಲೆಯಲ್ಲಿ ಕವುಚಿಟ್ಟ ಪರಾತವನ್ನು ನೋಡಿದ. "ನನ್ನ ಪರಾತದಲ್ಲಿ ನಿನ್ನ ಮುಖ ಕಾಣ್ತಿರಲಿಲ್ಲವೇನೇ?" ಎಂದ.

"ಹೇಗೂ ಹೇಳಬಾರದ ಹೆಸರಲ್ಲವೇನ್ರೀ," ಎಂದು ಅವಳು ಬಿಕ್ಕಿದಳು.

"ಹೇಳ್ತೀಯ ಅಂತ ಯಾರು ಕಾದಿದ್ದರು? ಬಾಯೊಳಗೆ ಇದೆ ಅಂದುಕೊಂಡಿದ್ದೆ. ಅಷ್ಟು ಸಾಕಾಗಿತ್ತು."

ಕಲಾಯಿಯವನು ಬೆಳಗಾಗುವವರೆಗೆ ಗೋಡೆ ನೋಡುತ್ತ ಮಲಗಿದ್ದ. ಎದ್ದವನೇ ಕೆಂಡ ಊದುವ ತಿದಿಯನ್ನು ಗೋಡೆಗೆ ಒರಗಿಸಿ, ಮೈಮೇಲೆ ಅಂಗಿ ಏರಿಸಿಕೊಂಡ.

"ಕೂಗಿದವನು ತನ್ನದಲ್ಲ ಅಂದ. ಹೊತ್ತವನು ತನ್ನದಲ್ಲ ಅಂದ. ತಡೆದವನೂ ತನ್ನದಲ್ಲ ಅಂದ. ಕಳಿಸಿದವರನ್ನು ಯಾರಾದರೂ ಕೇಳಿದ್ದಾರಾ? ಹೋಗಿ ಕೇಳ್ತೀನಿ. ಸುಂಕ ಕಟ್ಟೋದು ಕಳಿಸಿದವರು ಅಂತಾದರೆ ನನ್ನ ಹೆಸರು ಬಿಡಿಸಿಕೊಂಡು ಬಂದು ನಿನ್ನ ಬಾಯಿಗೆ ಹಾಕ್ತೀನಿ."

"ಬೇಡ್ರೀ. ಆ ಕಡೆ ಹೋದವರು ಯಾರೂ ಇಲ್ಲ."

"ಕೇಳಿದವರೂ ಇಲ್ಲ."

ಹೊಸ್ತಿಲು ದಾಟುವ ಮುಂಚೆ ಅವನು ಒಂದು ಗಳಿಗೆ ನಿಂತ. ಅವಳು ಕರೆಯುತ್ತಾಳೇನೋ ಎಂದಲ್ಲ, ಕರೆಯಲಾರಳೆಂದು ಗೊತ್ತಿತ್ತು. ಅಭ್ಯಾಸ. ನಿಂತು, "ಬರ್ತೀನಿ ಕಣೇ" ಎಂದು ಹೇಳಿ, ಖಾಲಿ ವಾಪಸ್ಸು ಹೋಗುತ್ತಿದ್ದ ಹೊರೆಯವನ ದೋಣಿಯಲ್ಲಿ ಕೂತು ಮಂಜಿನೊಳಗೆ ಹೋದ.

ಬರುತ್ತೇನೆ ಅಂದವನು ಬರಲಿಲ್ಲ. ಮಳೆಗಾಲ ಬಂತು, ಹೋಯಿತು. ತಿದಿಯೊಳಗೆ ಇಲಿ ಮರಿ ಹಾಕಿತು. ಊರಿನ ಪಾತ್ರೆಗಳೆಲ್ಲ ಮಂಕಾದವು, ಹುಳಿ ಸಾರು ಕಿಲುಬು ನಾತ ಹೊಡೆಯತೊಡಗಿತು. ಅವಳು ಕನ್ನಡಿಯ ಮುಂದೆ ನಿಂತು ಹೆಸರು ಹೇಳುವುದನ್ನು ಕಲಿಯಲು ನೋಡುತ್ತಿದ್ದಳು. ತುಟಿ ಕೂಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ನಾಲಿಗೆ ಮಡಿಸುತ್ತಿದ್ದಳು. ದನಿ ಬರುತ್ತಿರಲಿಲ್ಲ. ಕಣ್ಣು ತುಂಬಿ ಹರಿಯುತ್ತಿದ್ದರೂ ಆ ಹಾಳು ಕನ್ನಡಿಯಲ್ಲಿ ಮುಖ ನಗುತ್ತಲೇ ಇರುತ್ತಿತ್ತು. ಕೊನೆಗೆ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

ಒಂದು ದಿನ ಕೂಗುಗಲ್ಲಿಗೆ ಹೋದಳು.

"ಏನು ಬೇಕಮ್ಮಾ?" ಎಂದ ಕೂಗುವವನು, ಏನೂ ಆಗಿಲ್ಲವೆಂಬಂತೆ.

"ನಮ್ಮ ಮನೆಯವರು ಬೇಕು."

ಕೂಗುವವನಿಗೆ ನಗು ಬಂತೋ ಏನೋ, ತಡೆದುಕೊಂಡ. ಕೈ ಬಾಯಿಗೆ ಹಿಡಿದು, "ಇವಳ ಮನೆಯವರು!" ಎಂದು ಮಂಜಿನೊಳಕ್ಕೆ ಕೂಗಿದ. ಆಚೆ ದಂಡೆಯವರಿಗೆ ಅಷ್ಟೇ ಸಾಕಾಯಿತು. ಅವರಿಗೆ ಸಾಕಾದದ್ದು ಈಚೆಯ ಸುಂಕದ ಕಟ್ಟೆಗೆ ಸಾಲಲಿಲ್ಲ, ಅದೇ ದುರ್ದೈವ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಹೊರೆಯವನು ಹೆಗಲ ಮೇಲೆ ಹೊತ್ತು ತಂದು ಕಟ್ಟೆಯ ಮೇಲೆ ಕೂರಿಸಿದ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿತ್ತು. ಪಾದ ಮಾತ್ರ ಹೊರಗೆ. ಕೆಂಡದ ಕಿಡಿ ಸಿಡಿದು ಸುಟ್ಟ ಹೆಬ್ಬೆರಳಿನ ಕಲೆ ಕಂಡಿತು, ಅವಳು "ರೀ!" ಎಂದು ಚೀರಿ ಓಡಿದಳು. ಅಡ್ಡಗೋಲು ಎದೆಗೆ ಬಡಿಯಿತು.

"ರೀ, ಇಲ್ಲಿದ್ದೀನಿ ನೋಡ್ರೀ! ನಾನು ಕಣ್ರೀ!"

ಬಟ್ಟೆ ಅಲುಗಲಿಲ್ಲ. ಸುತ್ತಿದ ಸರಕಿಗೆ ತನ್ನ ಹೆಸರಲ್ಲದೆ ಬೇರೇನೂ ಕೇಳಿಸುವುದಿಲ್ಲವೆಂದು ಹೇಳಿದೆನಲ್ಲ. ಸಂಸಾರವಿಡೀ ಅವನನ್ನು ಕರೆದ ಆ ಒಂದಕ್ಷರ ಅವನ ಕಿವಿಗೆ ಹೋಗಲಿಲ್ಲ.

"ಏನಂದರು ಅಲ್ಲಿ? ಸುಂಕ ಯಾರದಂತೆ?" ಎಂದು ಅವಳು ಹೊರೆಯವನ ತೋಳು ಹಿಡಿದು ಕೇಳಿದಳು.

ಹೊರೆಯವನು ತೋಳು ಬಿಡಿಸಿಕೊಂಡ. "ಪಾಪ, ಬಹಳ ದಿನ ಕೇಳಿದ. ಕಳಿಸಿದ್ದು ನಾವು, ತರಿಸಿದ್ದು ಅವಳು ಅಂದರು. ಆಮೇಲೆ ಅವನನ್ನೂ ಸರಕಿನ ಜೊತೆ ಇಟ್ಟುಕೊಂಡರು. ನೀನು ತರಿಸಿದೆ, ನಾನು ಹೊತ್ತು ತಂದೆ."

ಸುಂಕದವನು ಗಡಿಗೆ ಮುಂದಿಟ್ಟ. "ಹೆಸರು ಹೇಳು. ಮಾತು ಕೊಡು. ಕೊಂಡು ಹೋಗು."

"ಮಾತು ಎಷ್ಟು ಬೇಕಾದರೂ ತಗೋ ಅಣ್ಣಾ. ಉಪ್ಪು ತಗೋ, ನೀರು ತಗೋ, ಅವ್ವ ಅನ್ನೋದು ತಗೋ. ಇರೋದನ್ನೆಲ್ಲ ತಗೊಂಡು ನನ್ನ ಮೂಕಿ ಮಾಡು. ಇವರನ್ನು ಬಿಡು."

"ಹೆಸರು ಹೇಳು."

"ಗಂಡ."

"ಊರ ತುಂಬ ಗಂಡಂದಿರು. ಹೆಸರು ಹೇಳು."

"ಕಲಾಯಿಯವರು."

"ಅದು ಕಸುಬು."

"ನಮ್ಮ ಮನೆಯವರು."

"ಅದು ಮನೆ."

ಅವಳು ಮನೆಗೆ ಓಡಿದಳು. ಕನ್ನಡಿಯನ್ನು ಎದೆಗವಚಿಕೊಂಡು ತಂದು ಕಟ್ಟೆಯ ಮೇಲಿಟ್ಟಳು. "ತಗೋ ನಿನ್ನ ಕನ್ನಡಿ. ಬೇಡ ನನಗೆ. ನನ್ನ ಮಾತು ನನಗೆ ಕೊಡು."

ಸುಂಕದವನು ಕನ್ನಡಿಯನ್ನು ಮುಟ್ಟಲಿಲ್ಲ. "ಕೊಟ್ಟ ಮಾತನ್ನು ಹಿಂದಕ್ಕೆ ತಗೊಳ್ಳೋಕಾಗುತ್ತಾ?" ಎಂದ. ಅದೂ ಅವನ ಸ್ವಂತದ ಮಾತಲ್ಲ, ಎಲ್ಲರೂ ಆಡುವ ಮಾತೇ.

ಗಾಣದಜ್ಜಿ ಕೋಲೂರಿಕೊಂಡು ಬಂದಳು. ಅವಳ ಹಿಂದೆ ಊರಿನ ಹೆಂಗಸರೆಲ್ಲ ಬಂದರು. ಅಜ್ಜಿಯ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ನನ್ನ ಹಾಳು ಬಾಯಿಂದ ಆಯಿತಲ್ಲೋ ಶಿವನೇ! ಸುಂಕದವನೇ, ತರಿಸಿದ್ದು ನಾನು ಅಂತ ತಿಳಕೋ. ನನ್ನ ಬಾಯಿಗೆ ಅವನ ಹೆಸರು ಬರುತ್ತೆ. ಎತ್ತಿ ಆಡಿಸಿದ ಹುಡುಗ ಅವನು."

"ಕೂಗುಗಲ್ಲಿಗೆ ಯಾರ ದನಿ ಅಂತ ಗೊತ್ತು," ಎಂದ ಸುಂಕದವನು.

ಆದರೂ ಅಜ್ಜಿ ಬಿಡಲಿಲ್ಲ, ಅಡ್ಡಗೋಲಿಗೆ ಒರಗಿ ನಿಂತು ಅವನ ಹೆಸರು ಹಿಡಿದು ಕೂಗಿದಳು. ಬಟ್ಟೆಯೊಳಗೆ ತಲೆ ಥಟ್ಟನೆ ಮೇಲೆದ್ದಿತು. ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಕಲಾಯಿಯವನ ಹೆಂಡತಿ ಅಡ್ಡಗೋಲಿನ ಮೇಲಿಂದ ಎರಡೂ ಕೈ ಚಾಚಿದಳು. ಆಮೇಲೆ ತಲೆ ಮತ್ತೆ ಮೆಲ್ಲಗೆ ಬಾಗಿತು. ಅಜ್ಜಿಯ ದನಿ ಎಂದು ಅವನಿಗೆ ತಿಳಿಯಿತು. ಅವನು ಕಾಯುತ್ತಿದ್ದದ್ದು ಆ ದನಿಗಲ್ಲ.

ಹೊತ್ತು ಇಳಿಯಿತು. ಅವಳು ಕಟ್ಟೆಯ ಮುಂದೆ ಒಡಪು ಹೇಳುತ್ತ ಕೂತಳು. ಹಿತ್ತಾಳೆ ಕೊಡಕ್ಕೆ ಕಲಾಯಿ ಚೆಂದ. ಹೊಸ್ತಿಲ ಮುಂದೆ ರಂಗೋಲಿ ಚೆಂದ. ಕರೆದರೆ ಓಗೊಡುವ. ಅಲ್ಲಿ ನಿಲ್ಲುತ್ತಿದ್ದಳು, ಮತ್ತೆ ಮೊದಲಿನಿಂದ ಎತ್ತುತ್ತಿದ್ದಳು. ಓಡಿ ಬಂದು ಹಾರಿದರೆ ಹಳ್ಳ ದಾಟಬಹುದು ಎನ್ನುವವರ ಹಾಗೆ ಕೆಲವು ಸಲ ಬೇಗಬೇಗ ಹೇಳಿ ನೋಡಿದಳು. ಊರಿನ ಹೆಂಗಸರು ದನಿಗೂಡಿಸಿದರು. ಕೊಡ ಬಂತು, ರಂಗೋಲಿ ಬಂತು, ಆಮೇಲೆ ಅಷ್ಟು ಜನ ಹೆಂಗಸರೂ ಬಾಯಿ ತೆರೆದುಕೊಂಡು ಸುಮ್ಮನಾದರು. ತಂತಮ್ಮ ಗಂಡನ ಹೆಸರು ಆಡಿ ನೋಡಿದರೇನೋ. ಒಬ್ಬೊಬ್ಬಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೂ ಸುಂಕದವನನ್ನು ಪೆದ್ದನೆನ್ನಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಹೊರೆಯವನು ದೋಣಿಯ ಹಗ್ಗ ಬಿಚ್ಚಿದ. ಸುಂಕದವನು ಎದ್ದು ಗಡಿಗೆಗಳ ಸಾಲಿನಲ್ಲಿ ನಡೆದ. ಬಾಗಿ, ಎರಡು ಸುತ್ತು ಬಟ್ಟೆ ಕಟ್ಟಿದ್ದ ಗಡಿಗೆಯೊಂದನ್ನು ಎತ್ತಿಕೊಂಡ. ಕಲಾಯಿಯವನ ಹೆಂಡತಿಗೆ ಆಗ ಹೊಳೆಯಿತು.

"ಬೇಡ! ಅಣ್ಣಾ, ನಿನ್ನ ದಮ್ಮಯ್ಯ, ಅದನ್ನು ಬಿಚ್ಚಬೇಡ! ಬೇರೆ ಯಾರದಾದರೂ ಬಿಚ್ಚು!"

ಆ ಹೆಸರು ಬೇರೆ ಗಡಿಗೆಯಲ್ಲಿರಲಿಲ್ಲ. ಆ ಹೆಸರಿನವನನ್ನು ಕಟ್ಟಿಕೊಂಡವಳು ಅವಳೊಬ್ಬಳೇ. ಸುಂಕದವನು ಹೊಳೆಯ ಅಂಚಿಗೆ ಹೋಗಿ ದೋಣಿಯ ಪಕ್ಕದಲ್ಲಿ ನಿಂತು ಗಂಟು ಬಿಚ್ಚಿದ.

ಗಡಿಗೆಯೊಳಗಿಂದ ದನಿ ಬಂತು. ಹೊಸದಾಗಿ ಮದುವೆಯಾದವಳ ದನಿ. ನಾಚಿಕೆಯ, ನಗು ಬೆರೆತ, ಅವಳದೇ ದನಿ.

"ಬಾಳಪ್ಪಾ..."

ಬಟ್ಟೆಯೊಳಗಿನ ಮನುಷ್ಯ ಎದ್ದು ನಿಂತ. ಕತ್ತು ನೆಟ್ಟಗಾಯಿತು. ಅವನ ಮುಖ ಯಾರಿಗೂ ಕಾಣಲಿಲ್ಲ, ಆದರೆ ಭುಜ ನೋಡಿದರೆ ತಿಳಿಯುತ್ತಿತ್ತು, ಅವನಿಗೆ ಹಿಡಿಸಲಾರದಷ್ಟು ಸಂತೋಷವಾಗಿತ್ತು. ಹೆಸರು ಸಿಕ್ಕಿತು, ತನ್ನವಳ ಬಾಯಿಗೆ ಮರಳಿತು, ತಾನು ಹೋಗಿ ಕೇಳಿದ್ದಕ್ಕೂ ಸಾರ್ಥಕವಾಯಿತು ಎಂದುಕೊಂಡನೋ ಏನೋ.

"ಓ," ಎಂದ. "ಬಂದೆ ಕಣೇ."

ದನಿ ಬಂದ ಕಡೆಗೆ ತಿರುಗಿದ. ಅದು ಹೊಳೆಯ ಕಡೆ.

"ಅದು ನಾನಲ್ಲ! ರೀ, ಅದು ನಾನಲ್ಲಾ! ನಾನು ಇಲ್ಲಿದ್ದೀನಿ!" ಅವಳು ಅಡ್ಡಗೋಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಗಂಟಲು ಹರಿಯುವ ಹಾಗೆ ಕಿರುಚಿದಳು. ಇದ್ದ ಬದ್ದ ಮಾತನ್ನೆಲ್ಲ ಕಿರುಚಿದಳು, ಒಂದು ಮಾತು ಬಿಟ್ಟು. ಅವನು ಹೊಸ್ತಿಲು ದಾಟುವವನ ಹಾಗೆ ಪಾದ ಎತ್ತಿಟ್ಟು, ತಡವರಿಸದೆ, ಅವಸರ ಅವಸರವಾಗಿ ನಡೆದು ದೋಣಿ ಹತ್ತಿದ. ಹತ್ತಿ ಕೂತು, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟುಕೊಂಡ.

ಮಂಜು ಅವನನ್ನು ತಗೊಂಡು ಹೋಯಿತು.

ಸುಂಕದವನು ಬಂದು ಬರಿದಾದ ಗಡಿಗೆಯನ್ನು ಅವಳ ಮುಂದೆ ಇಟ್ಟ. ಖಾಲಿಯದ್ದಕ್ಕೆ ಸುಂಕವಿಲ್ಲ. ಅವಳು ಅದನ್ನು ಮನೆಗೆ ತಂದಳು. ಕಿವಿ ಇಟ್ಟು ಕೇಳಿದಳು. ಗಾಳಿ ಬಿಟ್ಟರೆ ಏನೂ ಇರಲಿಲ್ಲ.

ಈಗ ಆ ಊರಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯರು ಬೆಳಗೆದ್ದು ಬಾಗಿಲು ತೆರೆದು, ಗಂಡನನ್ನು ಬೀದಿಗೆಲ್ಲ ಕೇಳಿಸುವ ಹಾಗೆ ಹೆಸರು ಹಿಡಿದು ಕೂಗುತ್ತಾರೆ. ಆಯುಸ್ಸು ಕಡಿಮೆಯಾದರೆ ಆಗಲಿ ಎನ್ನುತ್ತಾರೆ ಗಂಡಂದಿರು. ಕಲಾಯಿಯವನ ಹೆಂಡತಿ ತಲೆ ಹಣ್ಣಾಗಿ ಹೊಸ್ತಿಲ ಮೇಲೆ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಸಂಜೆ ದೀಪ ಹಚ್ಚಿ ಹೊಳೆಯ ಕಡೆ ಮುಖ ಮಾಡಿ ಒಡಪು ಎತ್ತುತ್ತಾಳೆ. ಹಿತ್ತಾಳೆ ಕೊಡಕ್ಕೆ ಕಲಾಯಿ ಚೆಂದ. ಹೊಸ್ತಿಲ ಮುಂದೆ ರಂಗೋಲಿ ಚೆಂದ. ಕರೆದರೆ ಓಗೊಡುವ...

ಅಲ್ಲಿ ನಿಲ್ಲುತ್ತಾಳೆ. ಓಣಿಯೂ ಅವಳ ಜೊತೆ ನಿಲ್ಲುತ್ತದೆ. ಆಚೆ ದಂಡೆಯಲ್ಲಿ ಅವನು, ಪಕ್ಕದಲ್ಲಿ ಜಾಗ ಬಿಟ್ಟುಕೊಂಡು, ಹೆಂಡತಿ ಇಲ್ಲೇ ಎಲ್ಲೋ ಇದ್ದಾಳೆಂದು ಕೂತಿದ್ದಾನೆ.